ಫ್ರೆಂಚಲ್ಲಿ ಅರ್ಧ ಅಕ್ಷರ ಓದೋದೇ ಇಲ್ಲ, ಸ್ಪ್ಯಾನಿಷ್‌ನವರಿಗೆ ಈ ಕಷ್ಟ ಯಾಕಿಲ್ಲ?

ಹಾಸನದ ಹುಡುಗಿ
ಎಲ್ರಿಗೂ ನಮಸ್ಕಾರ. ಲಿಯಾನ್‌ಗೆ ಬಂದು ಒಂದೂವರೆ ವರ್ಷ ಆಯ್ತು, ಇಲ್ಲಿ ಫ್ರೆಂಚ್ ಪರೀಕ್ಷೆ ಪಾಸ್ ಮಾಡ್ಲೇಬೇಕು ಅಂತ ಸಂಜೆ ಕ್ಲಾಸಿಗೆ ಹೋಗ್ತಿದೀನಿ. ಮಾತಾಡೋದು ಪರವಾಗಿಲ್ಲ, ಅಂಗಡೀಲಿ ಬಸ್ಸಲ್ಲಿ ನಡೆದುಹೋಗತ್ತೆ. ಆದ್ರೆ ಉಕ್ತಲೇಖನ ಅಂದ್ರೆ ಕೈ ನಡುಗತ್ತೆ.

ನಿನ್ನೆ ಕೊಟ್ಟ ಪ್ಯಾರಾದಲ್ಲಿ 'ವೆರ್' ಅನ್ನೋ ಶಬ್ದ ನಾಲ್ಕು ಸಲ ಬಂತು. ಒಂದು ಹುಳ, ಒಂದು ಗಾಜು, ಒಂದು ಹಸಿರು, ಇನ್ನೊಂದು 'ಆ ಕಡೆಗೆ' ಅಂತ. ಕಿವಿಗೆ ನಾಲ್ಕೂ ಒಂದೇ, ಬರೆಯೋದು ನಾಲ್ಕು ಥರ, ನಾನು ನಾಲ್ಕೂ ತಪ್ಪು ಬರೆದೆ. ನೀರಿಗೆ ಇ, ಎ, ಯು ಅಂತ ಮೂರಕ್ಷರ ಬರೆದು 'ಓ' ಅಂತ ಓದ್ತಾರೆ, ಆ ಮೂರರಲ್ಲಿ ಓ ಅನ್ನೋ ಅಕ್ಷರಾನೇ ಇಲ್ಲ! ಬಹುವಚನ ಮಾಡೋಕೆ ಕೊನೇಲಿ ಎಕ್ಸ್ ಸೇರಿಸಿದ್ರೂ ಅದೇ 'ಓ'.

ಪಕ್ಕದಲ್ಲಿ ಕೂರೋ ಕೊಲಂಬಿಯಾದ ಹುಡುಗಿ ಹೇಳ್ತಾಳೆ ಸ್ಪ್ಯಾನಿಷ್‌ನಲ್ಲಿ ಅಕ್ಷರ ಕಲಿತ್ರೆ ಮುಗೀತು, ಯಾವ ಪದ ಕೊಟ್ರೂ ಓದಬಹುದು ಅಂತ. ಎರಡೂ ಲ್ಯಾಟಿನ್ ಮಕ್ಕಳೇ ಅಲ್ವಾ? ಒಂದೇ ತಾಯಿ ಹೊಟ್ಟೇಲಿ ಹುಟ್ಟಿದ ಅಕ್ಕ ತಂಗಿ ಇಷ್ಟು ಬೇರೆ ಹೆಂಗಾದ್ರು? ಗೊತ್ತಿರೋರು ದಯವಿಟ್ಟು ಹೇಳಿ.

ಸುಮ್ನೆ ಓದುಗ
ಉಕ್ತಲೇಖನ ಅನ್ನೋ ಪದ ಕೇಳಿ ಎಷ್ಟು ವರ್ಷ ಆಗಿತ್ತು!

ಪದಹುಡುಕ
ಒಳ್ಳೇ ಪ್ರಶ್ನೆ. ಈಗ ಓದದೇ ಇರೋ ಆ ಅಕ್ಷರಗಳಲ್ಲಿ ಎರಡು ಜಾತಿ ಇದೆ, ಬೇರೆ ಬೇರೆ ಮಾಡಿ ನೋಡ್ಬೇಕು.

ಮೊದಲ ಜಾತಿ, ಒಂದು ಕಾಲದಲ್ಲಿ ನಿಜವಾಗ್ಲೂ ಉಚ್ಚಾರ ಮಾಡ್ತಿದ್ದ ಅಕ್ಷರಗಳು. ನೀವು ಹೇಳಿದ 'ಓ' ಲ್ಯಾಟಿನ್ನಿನ ಆಕ್ವಾದಿಂದ ಬಂದಿದ್ದು. ಅದು ಸವೆದು ಸವೆದು ಮಧ್ಯಯುಗದಲ್ಲಿ ಮೂರು ಸ್ವರ ಒಟ್ಟಿಗೆ ಹೇಳೋ ಹಂತಕ್ಕೆ ಬಂದಿತ್ತು, ಸುಮಾರಾಗಿ 'ಎಆವು' ಥರ. ಆಗ ಕಿವಿಗೆ ಕೇಳಿದ್ದನ್ನೇ ಇ-ಎ-ಯು ಅಂತ ಬರೆದ್ರು. ಆಮೇಲೆ ಬಾಯಿ ಮುಂದೆ ಹೋಯ್ತು, ಕೈ ಅಲ್ಲೇ ನಿಂತ್ಕೊಳ್ತು. ಹಸಿರಿನ ಕೊನೇ ಟಿ ಕೂಡ ಹಾಗೇ, ಆಗ ಅದನ್ನ ಹೇಳ್ತಿದ್ರು.

ಎರಡನೇ ಜಾತಿ, ಪಂಡಿತರು ಆಮೇಲೆ ತುರುಕಿದ್ದು. ಬೆರಳಿಗೆ ಫ್ರೆಂಚಲ್ಲಿ 'ದ್ವಾ' ಅಂತಾರೆ, ಸ್ಪೆಲಿಂಗಲ್ಲಿ ಮಧ್ಯೆ ಒಂದು ಜಿ ಇದೆ. ಹಳೇ ಫ್ರೆಂಚಲ್ಲಿ ಜಿ ಬರೀತಿರಲಿಲ್ಲ, ಲ್ಯಾಟಿನ್ನಲ್ಲಿ ಡಿಜಿಟುಸ್ ಅಂತ ಇದೆ ಅಲ್ವಾ, ಅದರ ನೆನಪಿಗೆ ಅಂತ ಸೇರಿಸಿದ್ರು. ಇಪ್ಪತ್ತರಲ್ಲಿರೋ ಜಿ ಕೂಡ ಹಾಗೇ ಬಂದಿದ್ದು. ತೂಕ ಅನ್ನೋ ಪದದಲ್ಲಂತೂ (ಪ್ವಾ) ತಪ್ಪು ಮೂಲ ಹುಡುಕಿ ಒಂದು ಡಿ ಹಾಕಿಬಿಟ್ರು. ಪೊಂಡುಸ್‌ನಿಂದ ಬಂದಿದೆ ಅಂದ್ಕೊಂಡ್ರು, ನಿಜವಾಗಿ ಅದು ಪೆನ್ಸುಮ್‌ನಿಂದ ಬಂದಿದ್ದು. ಆ ತಪ್ಪು ಡಿ ಇವತ್ತಿಗೂ ಅಲ್ಲೇ ಇದೆ, ನಿಮ್ಮಂಥೋರು ಅದಕ್ಕೆ ಮಾರ್ಕ್ಸ್ ಕಳ್ಕೋತಿದೀರಿ.

ಫ್ರೆಂಚ್ ಅಕಾಡೆಮಿ ಶುರುವಾಗಿದ್ದು 1635ರಲ್ಲಿ, ಮೊದಲ ನಿಘಂಟು ಬಂದಿದ್ದು 1694ರಲ್ಲಿ. ಆ ನಿಘಂಟಿಗೆ ಯಾವ ಸ್ಪೆಲಿಂಗ್ ಇಟ್ಕೊಳ್ಳೋದು ಅಂತ ಚರ್ಚೆ ಆದಾಗ 1673ರಲ್ಲಿ ಮೆಜರೆ ಅನ್ನೋ ಸದಸ್ಯ ಸ್ಪಷ್ಟವಾಗಿ ಬರೆದಿಟ್ಟಿದಾನೆ: ಓದಿದವರನ್ನ ಅಜ್ಞಾನಿಗಳಿಂದ, ಸಾಮಾನ್ಯ ಹೆಂಗಸರಿಂದ ಬೇರೆ ಮಾಡಿ ತೋರಿಸೋ ಹಳೇ ಸ್ಪೆಲಿಂಗೇ ನಮಗಿರಲಿ ಅಂತ. ಅಂದ್ರೆ ಕಷ್ಟ ಆಗ್ಲಿ ಅಂತಾನೇ ಇಟ್ಟಿದ್ದು.

ಹಾಸನದ ಹುಡುಗಿ
@ಪದಹುಡುಕ ಕೊನೇ ಸಾಲು ಓದಿ ನಿಜವಾಗ್ಲೂ ಸಿಟ್ಟು ಬಂತು. ಹೆಂಗಸರು ಬರೀಬಾರ್ದು ಅಂತ ಇಟ್ಟ ಸ್ಪೆಲಿಂಗನ್ನ ಮುನ್ನೂರೈವತ್ತು ವರ್ಷ ಆದ್ಮೇಲೆ ಹಾಸನದಿಂದ ಬಂದ ನಾನು ಕಲೀತಿದೀನಿ. ಕಲಿತೇ ಕಲೀತೀನಿ ಈಗ.

ಬದಲಾಯಿಸೋಕೆ ಯಾರೂ ಪ್ರಯತ್ನಾನೇ ಮಾಡ್ಲಿಲ್ವಾ?

ಪದಹುಡುಕ
ಮಾಡಿದಾರೆ. 1990ರಲ್ಲಿ ಸುಮಾರು ಎರಡು ಸಾವಿರ ಪದಗಳಿಗೆ ಸಣ್ಣಪುಟ್ಟ ತಿದ್ದುಪಡಿ ಬಂತು. ಈರುಳ್ಳಿ ಪದದಲ್ಲಿದ್ದ ಬೇಡದ 'ಐ' ತೆಗೆಯಬಹುದು, ಐ ಮತ್ತು ಯು ಮೇಲಿನ ಟೋಪಿ ಗುರುತು ಬಹಳ ಕಡೆ ಬಿಡಬಹುದು ಅಂತ. ಬಿಡಬಹುದು ಅಷ್ಟೇ, ಬಿಡಲೇಬೇಕು ಅಂತಲ್ಲ. 2016ರಲ್ಲಿ ಪಠ್ಯಪುಸ್ತಕಕ್ಕೆ ಅದನ್ನ ತರ್ತೀವಿ ಅಂದಾಗ ದೇಶಾನೇ ಎದ್ದು ಕೂತ್ಕೊಳ್ತು, ಈರುಳ್ಳಿಗೆ ಇಷ್ಟು ಗಲಾಟೆನಾ ಅನ್ನೋ ಹಂಗೆ.

ಸ್ಪ್ಯಾನಿಷ್‌ನವರು ಈ ಕೆಲಸ ಬೇಗ ಮಾಡ್ಕೊಂಡ್ರು. ಅವರ ಅಕಾಡೆಮಿ ಶುರುವಾಗಿದ್ದು 1713ರಲ್ಲಿ, ಆಮೇಲಿನ ನೂರು ವರ್ಷದಲ್ಲಿ ಮೇಲಿಂದ ಮೇಲೆ ಗುಡಿಸ್ತಾ ಬಂದ್ರು. ಗ್ರೀಕ್ ಪದದ ಪಿ-ಎಚ್ ತೆಗೆದು ಎಫ್ ಹಾಕಿದ್ರು, ಟಿ-ಎಚ್ ತೆಗೆದು ಬರೀ ಟಿ ಹಾಕಿದ್ರು. ಪ್ರಶ್ನೆ ವಾಕ್ಯದ ಶುರುವಿನಲ್ಲಿ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಹಾಕ್ತಾರಲ್ಲ, ಅದು ಬಂದಿದ್ದೂ 1754ರಲ್ಲಿ. ಇನ್ನೊಂದು ವಿಷಯ, ಸ್ಪ್ಯಾನಿಷ್ ಶಬ್ದಗಳು ಫ್ರೆಂಚಿನಷ್ಟು ಸವೆದಿಲ್ಲ. ಫ್ರೆಂಚ್ ಪದಗಳ ಬಾಲ ಪೂರ್ತಿ ಉದುರಿಹೋಗಿದೆ.

ಡಬ್ಲಿನ್ ಮಾಮ
ಬರೀ ಫ್ರೆಂಚಿಗೆ ಬೈಬೇಡಿ, ಇಂಗ್ಲಿಷೇನು ಕಮ್ಮಿನಾ? ನೈಟ್ ಅಂದ್ರೆ ರಾತ್ರಿ, ಅದರಲ್ಲಿ ಜಿ-ಎಚ್ ಯಾಕಿದೆ ಅಂತ ಚಿಕ್ಕವನಿದ್ದಾಗ ಕೇಳಿದ್ದಕ್ಕೆ ಮೇಷ್ಟ್ರು ಸುಮ್ನೆ ಬಾಯಿಪಾಠ ಮಾಡು ಅಂದಿದ್ರು. ಇಲ್ಲಿ ಆಫೀಸಲ್ಲಿ ಜರ್ಮನ್ ಸ್ನೇಹಿತ ಒಬ್ಬ 'ನಾಖ್ಟ್' ಅಂದಾಗ ತಲೇಲಿ ಬಲ್ಬ್ ಹತ್ತಿತು. ಆ ಜಿ-ಎಚ್ ಇಂಗ್ಲಿಷ್‌ನವರೂ ಖ್ ಥರ ಹೇಳ್ತಿದ್ರು, ಆಮೇಲೆ ಬಿಟ್ರು. ವೀರ ಅನ್ನೋ ಅರ್ಥದ ನೈಟ್‌ನಲ್ಲಿ ಮೊದಲ ಕೆ ಕೂಡ ಹೇಳ್ತಿದ್ರು.

ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಮೊಳೆ ತಂದ, ಸ್ಪೆಲಿಂಗ್ ಅಲ್ಲಿಂದ ಗಟ್ಟಿಯಾಗ್ತಾ ಹೋಯ್ತು. ಸರಿಯಾಗಿ ಅದೇ ಕಾಲಕ್ಕೆ ಅವರ ದೀರ್ಘ ಸ್ವರಗಳೆಲ್ಲ ಜಾಗ ಬದಲಾಯಿಸ್ತಿದ್ವು, ಸುಮಾರು 1400ರಿಂದ 1700ರವರೆಗೆ. ಮನೆ ಅಳತೆ ತಗೊಂಡು ಕಿಟಕಿ ಬಾಗಿಲು ಮಾಡಿಸಿದ್ಮೇಲೆ ಗೋಡೆನೇ ಸರಿದುಹೋದ ಹಂಗೆ. 'ನೇಮ್' ಅಂತ ಈಗ ಹೇಳೋದನ್ನ ಆಗ 'ನಾಮ' ಅನ್ನೋ ಥರಾನೇ ಹೇಳ್ತಿದ್ರು.

ಬೆಳಗಾವಿ ಕುಂದಾ
ಏನಂದ್ರಿ, ನಾಮ ಅಂದ್ರ ನಮ್ಮ ಸಂಸ್ಕೃತದ ನಾಮಾನೇ ಆತಲ್ರೀ?!

ಡಬ್ಲಿನ್ ಮಾಮ
ಅದೇ ಮನೆತನದ ಪದ. ಲ್ಯಾಟಿನ್ ನೋಮೆನ್, ಜರ್ಮನ್‌ನಲ್ಲಿ ಇವತ್ತಿಗೂ 'ನಾಮ' ಅಂತಾನೇ ಹೇಳೋದು. ಹಾಗಂತ ಇಂಗ್ಲಿಷ್‌ನವರು ಸಂಸ್ಕೃತದಿಂದ ತಗೊಂಡಿದ್ದಲ್ಲ, ಎರಡಕ್ಕೂ ಮೇಲೆ ಒಬ್ಬಳು ಅಜ್ಜಿ ಇದಾಳೆ.

ಐರಿಷ್ ಬಗ್ಗೆ ಒಂದ್ಮಾತು ಹೇಳ್ಲೇಬೇಕು. ಇಲ್ಲಿ ಬಿ-ಎಚ್ ಅಂದ್ರೆ 'ವ', ಎಂ-ಎಚ್ ಕೂಡ 'ವ'. ನನ್ ಟೀಮಲ್ಲಿ ಒಬ್ಬ ಹುಡುಗಿ ಇದಾಳೆ, ಹೆಸರನ್ನ ಅಕ್ಷರ ಕೂಡಿಸಿ ಓದಿದ್ರೆ 'ನಿಯಾಮ್ಹ್' ಆಗತ್ತೆ, ಕರೆಯೋದು 'ನೀವ್' ಅಂತ. ಮೊದಲ ದಿನ ಅವಳು ಕೈ ಕೊಟ್ಟು 'ನೀವ್' ಅಂದಾಗ ಕನ್ನಡದವಳು ಸಿಕ್ಕಿದ್ಲು ಅಂದ್ಕೊಂಡು ನನಗೆಷ್ಟು ಖುಷಿ ಆಯ್ತು ಅಂದ್ರೆ! ಹೊರಗಿನವರು ಐರಿಷ್ ಸ್ಪೆಲಿಂಗಿಗೆ ನಗ್ತಾರೆ, ಅದು ಅನ್ಯಾಯ. ನಿಯಮ ಗೊತ್ತಾದ್ರೆ ಅದು ಇಂಗ್ಲಿಷ್‌ಗಿಂತ ಎಷ್ಟೋ ನೇರ. ಇರೋ ಶಬ್ದ ಜಾಸ್ತಿ, ಲ್ಯಾಟಿನ್ ಅಕ್ಷರ ಕಮ್ಮಿ, ಅದಕ್ಕೆ ಎರಡೆರಡು ಕೂಡಿಸಿ ಬರೀತಾರೆ. 1940ರ ದಶಕದಲ್ಲಿ ಸರ್ಕಾರಾನೇ ಕೂತು ಓದದ ಅಕ್ಷರ ಎಷ್ಟೋ ತೆಗೆದುಹಾಕಿದೆ.

ಕನ್ನಡವೇ ಮೊದಲು
ಇದಕ್ಕೇ ಹೇಳೋದು ಕನ್ನಡದಂಥ ಭಾಷೆ ಇಲ್ಲ ಅಂತ. ಬರೆದಂಗೆ ಓದು, ಓದಿದಂಗೆ ಬರಿ. ಯುರೋಪ್‌ನವರು ನಮ್ಮಿಂದ ಕಲೀಬೇಕು.

ಸುಮ್ನೆ ಓದುಗ
+1

ಪದಹುಡುಕ
@ಕನ್ನಡವೇ ಮೊದಲು ಪ್ರೀತಿ ಅರ್ಥ ಆಗತ್ತೆ ಸಾರ್, ಆದ್ರೆ ಪೂರ್ತಿ ಹಾಗಿಲ್ಲ. 'ಬ್ರಹ್ಮ' ಅಂತ ಬರೀತೀವಿ, ಹೇಳೋದು 'ಬ್ರಮ್ಹ'. 'ಚಿಹ್ನೆ' ಬರೆದು 'ಚಿನ್ಹೆ' ಅಂತೀವಿ. ಶ ಮತ್ತೆ ಷ ಬಾಯಲ್ಲಿ ಬೇರೆ ಮಾಡೋರು ಎಷ್ಟು ಜನ ಸಿಗ್ತಾರೆ? ಋ ಅನ್ನೋದನ್ನ ರು ಅಂತಾನೇ ಓದೋದು. 'ಮಾಡುತ್ತೇನೆ' ಅಂತ ಬರೆದು 'ಮಾಡ್ತೀನಿ' ಅಂತೀವಿ. ನಮ್ಮಲ್ಲೂ ಬಾಯಿ ಮುಂದೆ ಹೋಗಿದೆ, ಫ್ರೆಂಚಷ್ಟು ದೂರ ಹೋಗಿಲ್ಲ ಅಷ್ಟೇ.

ನಿವೃತ್ತ ಮೇಷ್ಟ್ರು
ಮಕ್ಕಳೇ, ಚರ್ಚೆ ಬಹಳ ಚೆನ್ನಾಗಿದೆ. ಮೂವತ್ತು ವರ್ಷ ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡಿದವನು ನಾನು, ಒಂದೆರಡು ಮಾತು ಸೇರಿಸ್ತೀನಿ.

ಯುರೋಪಿನಲ್ಲಿ ಆಗಿದ್ದೆಲ್ಲ ನಮ್ಮಲ್ಲೂ ಆಗಿದೆ, ನಾವು ಅದನ್ನ ಬರವಣಿಗೆಯಲ್ಲಿ ತಿದ್ದಿಕೊಂಡು ಬಂದೆವು, ಅದಕ್ಕೇ ನಮಗೆ ಕಾಣಲ್ಲ. ಪಂಪನ ಕಾಲದಲ್ಲಿ ಹಾಲು 'ಪಾಲ್', ಹೂವು 'ಪೂ', ಹುಲಿ 'ಪುಲಿ'. ಹತ್ತನೇ ಶತಮಾನದ ಹೊತ್ತಿಗೆ ಈ ಪ ಹ ಆಗೋಕೆ ಶುರುವಾಗಿ ಮುಂದಿನ ಮೂರ್ನಾಲ್ಕು ಶತಮಾನದಲ್ಲಿ ನಾಡಿಡೀ ಹಬ್ಬಿತು. ಫ್ರೆಂಚರ ಹಾಗೆ ಹಟ ಹಿಡಿದಿದ್ದರೆ ಇವತ್ತು ನಾವು 'ಪಾಲು' ಅಂತ ಬರೆದು 'ಹಾಲು' ಅಂತ ಓದಬೇಕಿತ್ತು. ಹಾಗೇ ಱ ಮತ್ತು ೞ ಅನ್ನೋ ಎರಡು ಅಕ್ಷರ ಇದ್ದವು. ಬಾೞೆ, ಕೋೞಿ, ಮೞೆ ಎಲ್ಲ ೞ. ಹದಿಮೂರನೇ ಶತಮಾನದ ವ್ಯಾಕರಣಕಾರ ಕೇಶಿರಾಜ ಯಾವ ಯಾವ ಪದಕ್ಕೆ ೞ ಬರೀಬೇಕು ಅಂತ ಹೇಳಿಕೊಡೋಕೆ ಎಷ್ಟು ಕಷ್ಟಪಟ್ಟಿದ್ದಾನೆ ನೋಡಿ, ಅಂದ್ರೆ ಆಗಲೇ ಜನರ ಬಾಯಲ್ಲಿ ಅದು ಹೋಗಿಯಾಗಿತ್ತು. ಆಮೇಲೆ ಬರಹದಿಂದಲೂ ಹೋಯಿತು. ಈ ತಂಗಿ ಬರೀತಿರೋ ಉಕ್ತಲೇಖನ ಅಂದ್ರೆ ಕೇಶಿರಾಜನ ಪಟ್ಟಿ ಬಾಯಿಪಾಠ ಮಾಡಿ ಬರೆದ ಹಾಗೆ.

ಕಡಲತಡಿ
ಮೇಷ್ಟ್ರು ಹೇಳಿದ್ದು ನಮ್ಮ ಊರಿನವರಿಗೆ ಬೇಗ ಅರ್ಥ ಆಗ್ತದೆ ಮಾರಾಯ್ರೆ. ತುಳುವಿನಲ್ಲಿ ಈಗಲೂ ಹೂವಿಗೆ ಪೂ, ಹಾಲಿಗೆ ಪೇರ್, ಹುಲಿಗೆ ಪಿಲಿ. ಪಿಲಿವೇಷ ಗೊತ್ತುಂಟಲ್ಲ ನಿಮಗೆಲ್ಲ. ಪ ಹ ಆದದ್ದು ಕನ್ನಡದಲ್ಲಿ ಮಾತ್ರ, ಸುತ್ತ ಇದ್ದ ತುಳು, ತಮಿಳು, ತೆಲುಗು, ಮಲಯಾಳದವರು ಪ ಹಾಗೇ ಇಟ್ಟುಕೊಂಡ್ರು.

ಪದಹುಡುಕ
ಮೇಷ್ಟ್ರೇ, ನೀವು ನನ್ನ ಇಷ್ಟದ ವಿಷಯಕ್ಕೇ ಬಂದ್ರಿ, ಸ್ವಲ್ಪ ಉದ್ದ ಆಗತ್ತೆ ಕ್ಷಮಿಸಿ.

ಸ್ಪ್ಯಾನಿಷ್‌ನಲ್ಲಿ ಹೆಚ್ಚುಕಡಿಮೆ ಇದೇ ಆಗಿದೆ, ಅಲ್ಲಿ ಫ ಹೋಗಿ ಹ ಆಯ್ತು. ಲ್ಯಾಟಿನ್ ಹಿಟ್ಟು 'ಫರೀನಾ', ಸ್ಪ್ಯಾನಿಷ್‌ನಲ್ಲಿ ಎಚ್ ಹಾಕಿ ಬರೀತಾರೆ. ಕಬ್ಬಿಣ 'ಫೆರ್ರುಮ್', ಅಂಜೂರ 'ಫಿಕುಸ್', ಇರುವೆ 'ಫೊರ್ಮಿಕಾ', ಮಗ 'ಫಿಲಿಯುಸ್', ಈ ಎಲ್ಲದರ ಫ ಇವತ್ತು ಸ್ಪ್ಯಾನಿಷ್‌ನಲ್ಲಿ ಎಚ್. ಆಮೇಲೆ ಆ ಎಚ್ ಕೂಡ ಬಾಯಿಂದ ಹೋಯ್ತು, ಈಗ ಹಿಟ್ಟಿಗೆ 'ಅರೀನಾ' ಅಂತಾರೆ, ಎಚ್ ಬರವಣಿಗೇಲಿ ಮಾತ್ರ. ಹಾಗಾಗಿ @ಹಾಸನದ ಹುಡುಗಿ ನಿಮ್ಮ ಕೊಲಂಬಿಯಾ ಗೆಳತೀನ ಕೇಳಿ, ಅವರ ಮಕ್ಕಳೂ ಎಚ್ ಎಲ್ಲಿ ಹಾಕ್ಬೇಕು ಅಂತ ತಪ್ಪು ಮಾಡ್ತಾರೆ, ಬಿ ಮತ್ತೆ ವಿ ಕೂಡ ಅವರಿಗೆ ಕಿವೀಲಿ ಒಂದೇ. ಕಷ್ಟ ಇಲ್ಲವೇ ಇಲ್ಲ ಅಂತಲ್ಲ, ಓದೋಕೆ ಸುಲಭ, ಬರೆಯೋಕೆ ಸ್ವಲ್ಪ ಕಷ್ಟ.

ಈಗ ಚಂದದ ಭಾಗ. ಶಬ್ದ ಬದಲಾಗೋದು ಮನಸ್ಸಿಗೆ ಬಂದಂಗಲ್ಲ, ಷರತ್ತು ಇರತ್ತೆ. ಕನ್ನಡದ 'ಪತ್ತು' ಹತ್ತು ಆಯ್ತು, ಸರಿ. ಇಪ್ಪತ್ತು, ಎಪ್ಪತ್ತು ಯಾಕೆ ಹ ಆಗಲಿಲ್ಲ? ಅಲ್ಲಿ ಪ ಒತ್ತಕ್ಷರ, ಇಬ್ಬರು ಕೈ ಹಿಡ್ಕೊಂಡು ನಿಂತ ಹಂಗೆ, ಅಲುಗಾಡಲಿಲ್ಲ. ಎಂಬತ್ತು, ತೊಂಬತ್ತರಲ್ಲಿ ಮೂಗಿನ ಶಬ್ದದ ಪಕ್ಕ ಬ ಆಯ್ತು. ಮೂವತ್ತು, ಐವತ್ತರಲ್ಲಿ ಎರಡು ಸ್ವರದ ಮಧ್ಯೆ ವ ಆಯ್ತು. ಒಂದೇ ಹತ್ತು, ನಾಲ್ಕು ಮುಖ! ಮಗ್ಗಿ ಹೇಳುವಾಗ ದಿನಾ ಬಾಯಲ್ಲಿ ಬರತ್ತೆ, ನಮಗೆ ಹೊಳೆಯೋದೇ ಇಲ್ಲ.

ಸ್ಪ್ಯಾನಿಷ್‌ನಲ್ಲೂ ಷರತ್ತು ಇದೆ. ಬೆಂಕಿ ಅನ್ನೋ 'ಫ್ವೇಗೊ', ಚಳಿ ಅನ್ನೋ 'ಫ್ರಿಯೊ' ಎರಡರಲ್ಲೂ ಫ ಹಾಗೇ ಉಳಿದಿದೆ, ಯಾಕಂದ್ರೆ ಅದರ ಹಿಂದೇನೇ ವ ಅಥವಾ ರ ಅಂಟಿಕೊಂಡಿದೆ. ಇಂಗ್ಲಿಷ್ ಜರ್ಮನ್ ಗುಂಪಲ್ಲಿ ಪ ಎಲ್ಲ ಫ ಆಯ್ತು, ಸಂಸ್ಕೃತ ಪಿತೃ ಅಲ್ಲಿ ಫಾದರ್, ಪಾದ ಅಲ್ಲಿ ಫುಟ್. ದಶದ ದ ಅಲ್ಲಿ ಟ ಆಗಿ ಟೆನ್, ದಂತ ಹೋಗಿ ಟೂತ್. ಆದ್ರೆ ಸ ಪಕ್ಕ ಇದ್ರೆ ಬದಲಾಗಲ್ಲ, 'ಸ್ಥಾ' ಅನ್ನೋದು ಸ್ಟ್ಯಾಂಡ್ ಆಗೇ ಉಳೀತು. ಇದನ್ನ ಡೆನ್ಮಾರ್ಕಿನ ರಾಸ್ಕ್ 1818ರಲ್ಲಿ ಗುರುತಿಸಿದ್ದ, ಯಾಕೋಬ್ ಗ್ರಿಮ್ 1822ರಲ್ಲಿ ನಿಯಮವಾಗಿ ಬರೆದ. ಅಣ್ಣ ತಮ್ಮ ಸೇರಿ ಜಾನಪದ ಕತೆ ಕೂಡಿಹಾಕಿದ್ರಲ್ಲ, ಅದೇ ಗ್ರಿಮ್.

ಸುಮ್ನೆ ಓದುಗ
ಇಪ್ಪತ್ತು ಮೂವತ್ತು ಎಂಬತ್ತು ಅಂತ ನಾಲ್ಕು ಸಲ ಜೋರಾಗಿ ಹೇಳ್ಕೊಂಡೆ. ಮೈ ಜುಮ್ಮಂತು.

ಮಂಡ್ಯದ ಹೈದ
ನಾನೊಂದ್ ಮಾತ್ ಹೇಳ್ಲಾ? ನಮ್ಮೂರ್ ಕಡೆ ಆಲು, ಊವ, ಓಗು, ಅಸು ಅಂತ್ಲೇ ಅನ್ನೋದು. ಹೈಸ್ಕೂಲ್ಗೆ ಪಟ್ಟಣಕ್ ಬಂದಾಗ 'ಸಾ, ಓಗ್ಬೇಕು' ಅಂದಿದ್ಕೆ ಕ್ಲಾಸ್ ಮುಂದೆ ನಿಲ್ಸಿ ಹ ಹ ಹ ಅಂತ ಐವತ್ ಸಲ ಹೇಳಿಸಿದ್ರು. ಹುಡುಗ್ರೆಲ್ಲ ನಗ್ತಾವ್ರೆ. ಅವತ್ತಿಂದ ಎರಡ್ ವರ್ಷ ನಾನ್ ಕ್ಲಾಸಲ್ ಬಾಯೇ ಬಿಡ್ಲಿಲ್ಲ, ನಿಜವಾಗ್ಲೂ. ಈಗ ಇಲ್ಲಿ ಓದ್ತಿದ್ರೆ ಸ್ಪೇನ್ ದೇಶ್ದೋರು ಪೂರ್ತಿ ಫ ನ ಹ ಮಾಡಿ ಆ ಹ ನೂ ಬಿಟ್ಟವ್ರೆ ಅಂತ ಗೊತ್ತಾಯ್ತೈತೆ. ಅವರ್ನ ಯಾರಾದ್ರೂ ಐವತ್ ಸಲ ಹೇಳಿಸ್ತಾರಾ? ನಮ್ಮವ್ವ ಆಲು ಅಂದ್ರೆ ಅದು ತಪ್ಪಲ್ಲ, ಅದೂ ಒಂದ್ ದಾರಿ ಅಷ್ಟೇ.

ಹಾಸನದ ಹುಡುಗಿ
@ಮಂಡ್ಯದ ಹೈದ ಅಣ್ಣಾ ಓದಿ ಕಣ್ಣಲ್ಲಿ ನೀರು ಬಂತು. ನಮ್ಮಜ್ಜಿನೂ 'ಆಲು ಕಾಯ್ಸು' ಅಂತಾನೇ ಅನ್ನೋರು.

ಫ್ರೆಂಚರೂ ಎಚ್ ಹೇಳಲ್ಲ, ನನ್ನ ಗಂಡ ಹರೀಶ ಇಲ್ಲಿ ಆಫೀಸಲ್ಲಿ 'ಅರೀಶ್'.

ನಿವೃತ್ತ ಮೇಷ್ಟ್ರು
ಮಂಡ್ಯದ ತಮ್ಮ, ಹಾಗೆ ಮಾಡಬಾರದಿತ್ತು. ಬರೆಯೋವಾಗ ಹ ಹಾಕು ಅಂತ ಹೇಳಿಕೊಡಬೇಕು ಸರಿ, ಮಾತಿಗೆ ನಗೋದು ಪಾಠ ಅಲ್ಲ. ನಾನೂ ಮೊದಲ ವರ್ಷಗಳಲ್ಲಿ ಮಕ್ಕಳ ಮಾತು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ.

ಕಡಲತಡಿ
ಹಾಗಾದ್ರೆ ಮಹಾಪ್ರಾಣದ ಕತೆ ಎಂತ? ಭಾಷಾವಿಜ್ಞಾನಿ ಶಂಕರ ಭಟ್ಟರು ಹೇಳ್ತಾ ಇದ್ದದ್ದು ಅದೇ ಅಲ್ವಾ, ಕನ್ನಡದ ಬಾಯಲ್ಲಿ ಇಲ್ಲದ ಖ ಘ ಛ ಝ ಬರಹದಲ್ಲಿ ಯಾಕೆ, ಷ ಯಾಕೆ, ಋ ಯಾಕೆ ಅಂತ. ಫ್ರೆಂಚರ ಬೆರಳಿನ ಜಿ ಮತ್ತೆ ನಮ್ಮ 'ಭಾಷೆ'ಯ ಭ, ಷ ಎರಡೂ ಒಂದೇ ಲೆಕ್ಕ ಅಂತ ನನಗೆ ಕಾಣ್ತದೆ. ಮೂಲ ಭಾಷೆಗೆ ಮರ್ಯಾದೆ ಕೊಡ್ಲಿಕ್ಕೆ ಇಟ್ಟದ್ದು, ಕಲಿಯುವ ಮಗುವಿಗೆ ಹೊರೆ.

ಕನ್ನಡವೇ ಮೊದಲು
ಅದೊಂದು ಮಾತ್ರ ಒಪ್ಪಲ್ಲ. ಭಾಗ - ಬಾಗ, ಫಲ - ಪಲ ಎಲ್ಲ ಒಂದಾಗಿ ಹೋದ್ರೆ ಅರ್ಥ ಹೇಗೆ ಗೊತ್ತಾಗೋದು? ಸಾವಿರ ವರ್ಷದ ಸಾಹಿತ್ಯ ನಮ್ಮ ಮೊಮ್ಮಕ್ಕಳಿಗೆ ಓದೋಕೆ ಬರಲ್ಲ.

ಪದಹುಡುಕ
ಎರಡೂ ಕಡೆ ವಾದ ಯುರೋಪಲ್ಲೂ ಅಕ್ಷರಶಃ ಇದೇ. 'ವೆರ್' ನಾಲ್ಕನ್ನೂ ಒಂದೇ ಥರ ಬರೆದ್ರೆ ಅರ್ಥ ಹೇಗೆ ತಿಳಿಯತ್ತೆ ಅಂತ ಫ್ರೆಂಚರು ಕೇಳ್ತಾರೆ. ಮಾತಾಡುವಾಗ ತಿಳಿಯತ್ತಲ್ಲ ಅಂತ ಆ ಕಡೆಯವರು. ಸರ್ಬಿಯಾದ ವೂಕ್ ಕರಾಜಿಚ್ ಎರಡನೇ ದಾರಿ ಹಿಡಿದವನು. ಮಾತಾಡಿದಂಗೆ ಬರಿ ಅನ್ನೋ ತತ್ವ ಇಟ್ಕೊಂಡು 1818ರಲ್ಲಿ ನಿಘಂಟು ತಂದ, ಒಂದು ಶಬ್ದಕ್ಕೆ ಒಂದೇ ಅಕ್ಷರ, ಒಟ್ಟು ಮೂವತ್ತು. ಕುರಿ ಕಾಯೋರು, ರೈತರು ಆಡೋ ಮಾತೇ ಸಾಹಿತ್ಯದ ಭಾಷೆ ಆಗಲಿ ಅಂದ. ಚರ್ಚಿನವರು ಕೆಂಡ ಆದ್ರು. ಸರ್ಕಾರ ಪೂರ್ತಿ ಒಪ್ಪಿಕೊಂಡಿದ್ದು 1868ರಲ್ಲಿ, ಅವನು ತೀರಿಕೊಂಡು ನಾಲ್ಕು ವರ್ಷ ಆದ್ಮೇಲೆ. ನನ್ನ ಅಭಿಪ್ರಾಯ ಕೇಳಿದ್ರೆ, ಶಾಲೆಗೆ ಹೋಗೋ ಮೊದಲ ತಲೆಮಾರಿನ ಮಗುವನ್ನ ಕಣ್ಮುಂದೆ ಇಟ್ಕೊಂಡೇ ಸ್ಪೆಲಿಂಗ್ ತೀರ್ಮಾನ ಆಗ್ಬೇಕು.

ನಿವೃತ್ತ ಮೇಷ್ಟ್ರು
ನಾನು ಮಹಾಪ್ರಾಣದ ಪರ. ಈ ವಿಷಯಕ್ಕೆ ಬೇರೆ ಎಳೆ ತೆರೆಯಿರಿ, ಅಲ್ಲಿ ಬರ್ತೀನಿ, ಇಲ್ಲಿ ತಂಗಿಯ ಪ್ರಶ್ನೆ ಕಳೆದುಹೋಗತ್ತೆ.

ಬೆಳಗಾವಿ ಕುಂದಾ
ನನ್ನದೂ ಒಂದು ಪ್ರಶ್ನೆ ಐತ್ರೀ. ನಮ್ಮ ಕಡೆ ಬೀಗದಕೈಗೆ ಚಾವಿ ಅಂತೀವಿ, ಸಂಬಳಕ್ಕ ಪಗಾರ ಅಂತೀವಿ. ಇವು ಮರಾಠಿ ಶಬ್ದ ಅಂತ ಬೆಂಗಳೂರಾಗ ರೂಮ್‌ಮೇಟ್ ಅಂದ, ಖರೇ ಏನ್ರೀ?

ಕಡಲತಡಿ
ಮರಾಠಿಯಿಂದ ನಿಮ್ಮ ಕಡೆಗೆ ಬಂದಿರಬಹುದು, ಆದ್ರೆ ಎರಡೂ ಹುಟ್ಟಿನಲ್ಲಿ ಪೋರ್ಚುಗೀಸ್. ಗೋವಾ ನಿಮಗೆ ಹತ್ತಿರವೇ ಅಲ್ವಾ. ಅಲಮಾರು, ಪಾದ್ರಿ, ಬಟಾಟೆ, ಅನಾನಸು ಎಲ್ಲ ಅದೇ ಹಡಗಿನಲ್ಲಿ ಬಂದದ್ದು. ನಮ್ಮಲ್ಲಿ ಚರ್ಚಿಗೆ ಇಗರ್ಜಿ ಹೇಳುದು, ಅದೂ ಪೋರ್ಚುಗೀಸೇ.

ಪದಹುಡುಕ
ಚಾವಿ ಸಿಕ್ಕಿದ್ದು ಎಷ್ಟು ಒಳ್ಳೇದಾಯ್ತು! ಲ್ಯಾಟಿನ್ನಲ್ಲಿ ಅದು 'ಕ್ಲಾವಿಸ್'. ಈ 'ಕ್ಲ' ಅನ್ನೋದು ಇಟಲಿಯಲ್ಲಿ 'ಕ್ಯ' ಆಗಿ 'ಕ್ಯಾವೆ', ಸ್ಪೇನಲ್ಲಿ 'ಯ' ಥರ ಆಗಿ 'ಯಾವೆ', ಪೋರ್ಚುಗಲ್‌ನಲ್ಲಿ ಆಗ 'ಚ' ಇತ್ತು, ಈಗ 'ಶ' ಆಗಿ 'ಶಾವ್' ಅಂತಾರೆ. ಫ್ರೆಂಚಲ್ಲಿ 'ಕ್ಲೆ'. ಗಮನಿಸಿ, ಪೋರ್ಚುಗೀಸರು ಈಗ ಲಿಸ್ಬನ್ನಿನಲ್ಲಿ ಚ ಹೇಳೋದೇ ಬಿಟ್ಟಿದಾರೆ, ಅವರ ಹಳೇ ಚ ಬೆಳಗಾವಿ ಬಾಯಲ್ಲಿ ಹಾಗೇ ಇದೆ.

ಬೆಳಗಾವಿ ಕುಂದಾ
ಇನ್ಮ್ಯಾಗ ರೂಮ್‌ಮೇಟ್‌ಗ ಇದನ್ನ ಓದಸ್ತೀನಿ ನೋಡ್ರೀ 🙂 ಇನ್ನೊಂದು ಹೇಳ್ರೀ, ಜರ್ಮನಿಯಾಗ ನಮ್ಮ ಅಕ್ಕ ಇದ್ದಾಳ, ನೀರಿಗೆ ವಾಸರ್ ಅಂತಾರಂತ. ಇಂಗ್ಲಿಷ್‌ದಾಗ ವಾಟರ್. ಟ ಹೋಗಿ ಸ ಹೆಂಗಾತು?

ಕಡಲತಡಿ
ಅದು ದಕ್ಷಿಣದಿಂದ ಮೇಲೆ ಹಬ್ಬಿದ ಬದಲಾವಣೆ. ಆ್ಯಪಲ್ - ಆಪ್ಫೆಲ್, ಟೆನ್ - ತ್ಸೇನ್, ಮೇಕ್ - ಮಾಖೆನ್, ಎಲ್ಲ ಒಂದೇ ಸಾಲಿನವು. ಉತ್ತರದ ಕಡಲತೀರದವರ ಪ್ಲಾಟ್ ಅನ್ನುವ ಮಾತಿನಲ್ಲಿ ಅದು ಆಗಲೇ ಇಲ್ಲ, ಅಲ್ಲಿ ವಾಟರ್, ಆಪ್ಪೆಲ್, ಮಾಕೆನ್ ಅಂತಲೇ. ನಮ್ಮ ಕಿಟ್ಟೆಲ್ ಹುಟ್ಟಿದ್ದು ಆ ಸೀಮೆಯಲ್ಲೇ, ಪೂರ್ವ ಫ್ರೀಸಿಯಾದ ರೆಸ್ಟರ್‌ಹಾಫೆ ಎಂಬ ಊರಲ್ಲಿ, 1832ರಲ್ಲಿ. ಪಾಲು - ಹಾಲು ನೋಡಿದಾಗ ಅವರಿಗೆ ತಮ್ಮೂರಿನ ವಾಟರ್ - ವಾಸರ್ ನೆನಪಾಗಿರಬೇಕು ಅಂತ ನನಗೆ ಯಾವಾಗಲೂ ಅನ್ನಿಸ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟು ನಮ್ಮ ಮನೆಯಲ್ಲಿ ಉಂಟು, ಅಜ್ಜನದ್ದು. ಪ ಮತ್ತೆ ಹ ಎರಡೂ ಕಡೆ ಕೊಟ್ಟು ಒಂದಕ್ಕೊಂದು ಗಂಟು ಹಾಕಿದ್ದಾರೆ.

ಕೌನಸ್ ಚಳಿ
ತಡವಾಗಿ ಬಂದೆ. ನಾನು ಲಿಥುವೇನಿಯಾದಲ್ಲಿ ಮೆಡಿಕಲ್ ಓದ್ತಿದೀನಿ. ಇಲ್ಲಿ ಮಗನಿಗೆ 'ಸೂನುಸ್', ತೋಳಕ್ಕೆ 'ವಿಲ್ಕಸ್', ಬೆಂಕಿಗೆ 'ಉಗ್ನಿಸ್', ಹಲ್ಲಿಗೆ 'ದಂತಿಸ್', ಹೊಗೆಗೆ 'ದೂಮೈ'. ಅನಾಟಮಿ ಕ್ಲಾಸಲ್ಲಿ ದಂತಿಸ್ ಅಂತ ಕೇಳಿದ ದಿನ ಅಮ್ಮಂಗೆ ಫೋನ್ ಮಾಡಿ ಹೇಳಿದ್ದೆ. ಸಂಸ್ಕೃತ ಓದಿದವರಿಗೆ ಸೂನು, ವೃಕ, ಅಗ್ನಿ, ದಂತ, ಧೂಮ ಎಲ್ಲ ಕಿವಿಗೆ ಬಡಿಯತ್ತೆ.

ಸ್ಪೆಲಿಂಗ್ ಬಗ್ಗೆ ಇವರಿಗಿರೋ ಪ್ರೀತಿಗೆ ಒಂದು ಕಾರಣ ಇದೆ. 1863ರ ದಂಗೆ ಆದ್ಮೇಲೆ ರಷ್ಯಾದ ಸರ್ಕಾರ ಲಿಥುವೇನಿಯನ್ ಭಾಷೇನ ಲ್ಯಾಟಿನ್ ಅಕ್ಷರದಲ್ಲಿ ಅಚ್ಚು ಹಾಕೋದನ್ನೇ ನಿಷೇಧಿಸ್ತು, ರಷ್ಯನ್ ಅಕ್ಷರದಲ್ಲಿ ಬರೀರಿ ಅಂತ. ನಲವತ್ತು ವರ್ಷ, 1904ರವರೆಗೆ. ಜನ ಗಡಿಯಾಚೆ ಪ್ರಷ್ಯಾದಲ್ಲಿ ಅಚ್ಚು ಹಾಕ್ಸಿ, ರಾತ್ರಿ ಹೊತ್ತು ಬೆನ್ನ ಮೇಲೆ ಹೊತ್ಕೊಂಡು ಗಡಿ ದಾಟಿಸಿ ತರ್ತಿದ್ರು. ಸಿಕ್ಕಿಬಿದ್ದವರನ್ನ ಸೈಬೀರಿಯಾಗೆ ಕಳಿಸ್ತಿದ್ರು. ಅವರಿಗೆ ಇಲ್ಲಿ 'ಪುಸ್ತಕ ಹೊತ್ತವರು' ಅಂತಾನೇ ಹೆಸರು, ಮಾರ್ಚ್ 16 ಅವರ ದಿನ. ಆ ನಿಷೇಧದ ಕಾಲದಲ್ಲೇ ಲಿಪಿ ಸರಿ ಮಾಡುವಾಗ ಚ, ಶ ಶಬ್ದಕ್ಕೆ ಪೋಲೆಂಡಿನವರ ಥರ ಎರಡೆರಡು ಅಕ್ಷರ ಬೇಡ ಅಂತ ಚೆಕ್ ಭಾಷೆಯವರ ಕೊಕ್ಕೆ ಗುರುತು ತಗೊಂಡ್ರು.

ಡಬ್ಲಿನ್ ಮಾಮ
ಇದು ಗೊತ್ತೇ ಇರಲಿಲ್ಲ. ಅಕ್ಷರಕ್ಕೋಸ್ಕರ ಸೈಬೀರಿಯಾ.

ಕನ್ನಡವೇ ಮೊದಲು
ಸಂಸ್ಕೃತದ ಹೋಲಿಕೆ ಎಲ್ಲ ಹೇಳ್ತೀರಿ, ಕನ್ನಡದ್ದು ಯಾರೂ ಹೇಳಲ್ಲ. ಒಂದು - ಒನ್, ಎಂಟು - ಎಯ್ಟ್. ಇದೇನು ಸುಮ್ನೆ ಬಂತಾ? ಇಂಗ್ಲಿಷ್ ಮೇಲೆ ಕನ್ನಡದ ಪ್ರಭಾವ ಇದೆ ಅಂತ ನಾನು ಎಷ್ಟೋ ವರ್ಷದಿಂದ ಹೇಳ್ತಿದೀನಿ.

ಪದಹುಡುಕ
ಸಾರ್, ಇವತ್ತಿನ ಎರಡು ಪದ ಪಕ್ಕದಲ್ಲಿ ಇಟ್ಟು ನೋಡಬಾರದು, ಎರಡನ್ನೂ ಹಿಂದಕ್ಕೆ ತಗೊಂಡು ಹೋಗಿ ನೋಡಬೇಕು. ಎಯ್ಟ್ ಹಿಂದಕ್ಕೆ ಹೋದ್ರೆ ಜರ್ಮನ್ ಆಖ್ಟ್, ಲ್ಯಾಟಿನ್ ಒಕ್ಟೊ, ಸಂಸ್ಕೃತ ಅಷ್ಟ. ಅದರ ಜಿ-ಎಚ್ ಕೂಡ ಆ ಖ್ ಜಾಗದಲ್ಲೇ ಕೂತಿದೆ ನೋಡಿ. ಎಂಟು ಹಿಂದಕ್ಕೆ ಹೋದ್ರೆ 'ಎಣ್', ತಮಿಳಲ್ಲಿ ಎಟ್ಟು. ಹಿಂದೆ ಹೋದಷ್ಟೂ ಎರಡೂ ದೂರ ಆಗ್ತವೆ. ಒನ್ ಅಂತೂ ಮುಂಚೆ ವ ಇಲ್ಲದೆ 'ಆನ್', 'ಓನ್' ಥರ ಇತ್ತು, 'ಅಲೋನ್' ಅನ್ನೋದರಲ್ಲಿ ಆ ಹಳೇ ಶಬ್ದ ಉಳಿದಿದೆ. ನಿಜವಾದ ನೆಂಟರು ಹಿಂದೆ ಹೋದಷ್ಟೂ ಹತ್ತಿರ ಬರ್ಬೇಕು.

ಕನ್ನಡ ಬೇರೆಯದೇ ಕುಟುಂಬ, ಅದು ಕಮ್ಮಿ ಅಂತ ಅಲ್ಲ. 1786ರಲ್ಲಿ ಕಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಅಂದಿದ್ದು ಎಲ್ಲರಿಗೂ ಗೊತ್ತು. 1816ರಲ್ಲಿ ಮದ್ರಾಸಿನಲ್ಲಿ ಎಲ್ಲಿಸ್ ಅನ್ನೋ ಅಧಿಕಾರಿ ತೆಲುಗು, ಕನ್ನಡ, ತಮಿಳು ಸಂಸ್ಕೃತದಿಂದ ಹುಟ್ಟಿದ್ದಲ್ಲ, ತಮ್ಮದೇ ಮನೆತನ ಅಂತ ಉದಾಹರಣೆ ಸಮೇತ ತೋರಿಸಿದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. ದ್ರಾವಿಡ ಭಾಷೆಗಳನ್ನ ಹೋಲಿಸಿ ಕಾಲ್ಡ್‌ವೆಲ್ ವ್ಯಾಕರಣ ಬರೆದಿದ್ದು ಆಮೇಲೆ, 1856ರಲ್ಲಿ.

ಕನ್ನಡವೇ ಮೊದಲು
ಎಲ್ಲಿಸ್ ವಿಷಯ ಗೊತ್ತಿರಲಿಲ್ಲ, ಓದ್ತೀನಿ. ಎಂಟರ ವಿಷಯ ಇನ್ನೂ ಪೂರ್ತಿ ಒಪ್ಪಿಲ್ಲ.

ಫಿನ್ಲೆಂಡ್ ಸೊಸೆ
ಕುಟುಂಬ ಬೇರೆ ಅಂದ್ರಲ್ಲ, ಫಿನ್ನಿಷ್ ಕೂಡ ಹಾಗೇ, ಪಕ್ಕದ ಸ್ವೀಡಿಷ್‌ಗೆ ನೆಂಟಸ್ತಿಕೆ ಇಲ್ಲ, ಎಸ್ಟೋನಿಯನ್, ದೂರದಲ್ಲಿ ಹಂಗೇರಿಯನ್ ಅದರ ಬಂಧುಗಳು. ನಾನು ಶಿರಸಿ ಕಡೆಯವಳು, ಹತ್ತು ವರ್ಷದಿಂದ ಇಲ್ಲಿದೀನಿ. ಸತ್ಯವಾಗಿ ಹೇಳ್ತೀನಿ, ಕನ್ನಡದವರಿಗೆ ಫ್ರೆಂಚ್‌ಗಿಂತ ಫಿನ್ನಿಷ್ ಮನಸ್ಸಿಗೆ ಹತ್ತಿರ. 'ತಲೋ' ಅಂದ್ರೆ ಮನೆ, 'ತಲೋಸ್ಸ' ಮನೆಯಲ್ಲಿ, 'ತಲೋಸ್ತ' ಮನೆಯಿಂದ, ನಮ್ಮ ಹಾಗೇ ಬಾಲಕ್ಕೆ ಬಾಲ. ಹ್ರಸ್ವ ದೀರ್ಘ ಒತ್ತು ಮೂರೂ ಮುಖ್ಯ, 'ತುಲಿ' ಬೆಂಕಿ, 'ತೂಲಿ' ಗಾಳಿ, 'ತುಲ್ಲಿ' ಸುಂಕ. ಕತೆ ಮತ್ತೆ ಕತ್ತೆ ಬೇರೆ ಅಂತ ಗೊತ್ತಿರೋರಿಗೆ ಇದು ಕಷ್ಟಾನೇ ಅಲ್ಲ, ನನ್ನ ಕ್ಲಾಸಿನ ಇಂಗ್ಲಿಷ್‌ನವರು ಪಾಪ ಒದ್ದಾಡ್ತಿದ್ರು.

ರಾಜನಿಗೆ ಇಲ್ಲಿ 'ಕುನಿಂಗಸ್'. ಸಾವಿರಾರು ವರ್ಷದ ಹಿಂದೆ ಜರ್ಮನ್ ಕಡೆಯವರಿಂದ ತಗೊಂಡ ಪದ, ಅವರಲ್ಲಿ ಸವೆದು ಕಿಂಗ್, ಕೋನಿಗ್ ಆಯ್ತು, ಇವರಲ್ಲಿ ಉಪ್ಪಿನಕಾಯಿ ಭರಣೀಲಿ ಇಟ್ಟಂಗೆ ಕೆಡದೇ ಉಳೀತು.

ಸುಮ್ನೆ ಓದುಗ
ಹಂಗೇರಿಯಲ್ಲಿ ಎಸ್ ಬರೆದ್ರೆ ಶ, ಎಸ್-ಝಡ್ ಬರೆದ್ರೆ ಸ. ಪೋಲೆಂಡಲ್ಲಿ ಉಲ್ಟಾ. ಎರಡೂ ಕಡೆ ಪ್ರಾಜೆಕ್ಟ್ ಮಾಡಿದೀನಿ, ಊರಿನ ಹೆಸರೆಲ್ಲ ತಪ್ಪು ಹೇಳಿದೀನಿ. ಬುಡಾಪೆಸ್ಟ್ ಅಲ್ಲ, ಬುಡಾಪೆಶ್ಟ್.

ಬೆಳಗಾವಿ ಕುಂದಾ
ಲಿಯಾನ್‌ನ ಅಕ್ಕಾರ, ನಿಮ್ಮ ಫ್ರೆಂಚ್‌ದಾಗ ತೊಂಬತ್ತೆರಡು ಅನ್ನಾಕ 'ನಾಲ್ಕು ಇಪ್ಪತ್ತು ಹನ್ನೆರಡು' ಅಂತಾರಂತ, ಖರೇನಾ?

ಹಾಸನದ ಹುಡುಗಿ
ಖರೇನೇ! ಫೋನ್ ನಂಬರ್ ಹೇಳಿದ್ರೆ ಬರ್ಕೊಳ್ಳೋದೇ ಒಂದು ಪರೀಕ್ಷೆ. ಬೆಲ್ಜಿಯಂ, ಸ್ವಿಟ್ಜರ್ಲೆಂಡ್ ಕಡೆ ತೊಂಬತ್ತಕ್ಕೆ 'ನೊನಾಂತ್' ಅಂತ ನೇರ ಪದ ಇದೆಯಂತೆ, ಇಲ್ಲಿ ಅದನ್ನ ಹೇಳಿದ್ರೆ ಬೆಲ್ಜಿಯಂನವಳಾ ಅಂತ ಕೇಳ್ತಾರೆ.

ಪದಹುಡುಕ
@ಹಾಸನದ ಹುಡುಗಿ ಪರೀಕ್ಷೆಗೆ ಉಪಯೋಗ ಆಗೋ ಒಂದು ಸುಳಿವು. ಸ್ವರದ ಮೇಲೆ ಟೋಪಿ ಗುರುತು ಕಂಡ್ರೆ ಬಹಳ ಸಲ ಅಲ್ಲೊಂದು ಸ ಸತ್ತಿದೆ ಅಂತ ಅರ್ಥ. ಓಪಿತಾಲ್ ಅಂದ್ರೆ ಹಾಸ್ಪಿಟಲ್, ಫೊರೆ ಅಂದ್ರೆ ಫಾರೆಸ್ಟ್. ಇಂಗ್ಲಿಷ್‌ನವರು ಆ ಪದಗಳನ್ನ ಸ ಬದುಕಿದ್ದಾಗಲೇ ತಗೊಂಡಿದ್ರು. ಪದದ ಕೊನೇಲಿ ಯಾವ ಅಕ್ಷರ ಇದೆ ಅಂತ ಗೊತ್ತಾಗದಿದ್ರೆ ಸ್ತ್ರೀಲಿಂಗ ರೂಪ ಹೇಳಿ ನೋಡಿ. ಹಸಿರಿನ ಸ್ತ್ರೀಲಿಂಗ 'ವೆರ್ತ್', ಟಿ ಎದ್ದು ಬಂತು ನೋಡಿ.

ಹಾಸನದ ಹುಡುಗಿ
ಅಯ್ಯೋ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ! ಈಗ್ಲೇ ನೋಟ್‌ಬುಕ್ ತೆಗೆದು ನೋಡಿದೆ, ದೊಡ್ಡ 'ಗ್ರಾಂ' - 'ಗ್ರಾಂದ್' ಡಿ ಬಂತು, ಚಿಕ್ಕ 'ಪೆತಿ' - 'ಪೆತಿತ್' ಟಿ ಬಂತು. ಗುರುವಾರ ಮತ್ತೆ ಉಕ್ತಲೇಖನ ಇದೆ. 'ವೆರ್'ಗೆ ಐದನೇದೂ ಒಂದಿದೆ ಅಂತ ಟೀಚರ್ ಹೇಳಿ ಹೋದ್ರು, ಯಾವುದು ಅಂತ ಹೇಳ್ಲಿಲ್ಲ. ಯಾರಿಗಾದ್ರೂ ಗೊತ್ತಾ?

ಡಬ್ಲಿನ್ ಮಾಮ
ಪದ್ಯದ ಸಾಲಿಗೂ ವೆರ್ ಅಂತಾರಲ್ಲ?

ಪದಹುಡುಕ
ಪದ್ಯದ ಸಾಲಿನದು 'ಕಡೆಗೆ' ಅನ್ನೋದರ ಸ್ಪೆಲಿಂಗೇ, ಅದನ್ನ ಬೇರೆ ಎಣಿಸಲ್ಲ. ಐದನೇದು ವಿ, ಎ, ಐ, ಆರ್. ಹಳೇ ಕಾಲದಲ್ಲಿ ಶ್ರೀಮಂತರ ಬಟ್ಟೆಗೆ ಹೊಲೀತಿದ್ದ ಅಳಿಲಿನ ತುಪ್ಪಳ. ಗುರುವಾರ ಏನಾಯ್ತು ಅಂತ ಬಂದು ಹೇಳಿ.